ಹೊಳೆಯ ದಿಕ್ಕಿನ ಊರು ಹೆದ್ದಾರಿಯ ದಿಕ್ಕಿಗೆ ತಿರುಗಿದಾಗ: ಭಟ್ಕಳ–ಜಾಲಿಯ ನೆಲದ ಕತೆ

ಭಟ್ಕಳ ತಾಲೂಕಿನ ನಕ್ಷೆಯನ್ನು ಒಮ್ಮೆ ಎದುರಿಗೆ ಇಟ್ಟುಕೊಂಡು ನೋಡಿ. ಅದರಲ್ಲಿರುವ ನೀರಿನ ಗೆರೆಗಳೆಲ್ಲ ಹೆಚ್ಚುಕಡಿಮೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತವೆ. ಘಟ್ಟದ ಮೈಯಲ್ಲಿ ಹುಟ್ಟುವ ಹಳ್ಳಗಳು ಗುಡ್ಡಗಳ ಸಂದಿಯಲ್ಲಿ ಇಳಿದು, ಬೈಲುಗಳಲ್ಲಿ ಒಂದಿಷ್ಟು ಹರಡಿಕೊಂಡು, ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಈಗ ಅದೇ ನಕ್ಷೆಯಲ್ಲಿ ನಾವು ಎಳೆದ ದಪ್ಪ ಗೆರೆಗಳನ್ನು ನೋಡಿ. ಹಳಬರು ಇನ್ನೂ ಹದಿನೇಳು ಎಂದೇ ಕರೆಯುವ ರಾಷ್ಟ್ರೀಯ ಹೆದ್ದಾರಿ 66, ಅದರ ಪಕ್ಕ ಕೊಂಕಣ ರೈಲ್ವೆ. ಎರಡೂ ಉತ್ತರದಿಂದ ದಕ್ಷಿಣಕ್ಕೆ. ಅಂದರೆ ನೀರು ಹೋಗುವ ದಾರಿಗೆ ಸರಿಯಾಗಿ ಅಡ್ಡ.

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಹಳೆಯ ಬಂದರು ಊರುಗಳು. ಶತಮಾನಗಳ ಕಾಲ ಇವು ನೀರಿನ ಗೆರೆಯ ಉದ್ದಕ್ಕೆ ಬೆಳೆದವು. ಈಗ ಅಡ್ಡಗೆರೆಯ ಉದ್ದಕ್ಕೆ ಬೆಳೆಯುತ್ತಿವೆ. ಪ್ರತಿ ಮಳೆಗಾಲ ಉತ್ತರ ಕನ್ನಡದ ಕರಾವಳಿಯಿಂದ ಬರುವ ಸುದ್ದಿ, ಅಂಗಡಿಗೆ ನುಗ್ಗಿದ ನೀರು ಇರಬಹುದು, ಮನೆ ಮೇಲೆ ಬಿದ್ದ ಧರೆ ಇರಬಹುದು, ಅದನ್ನು ಅರ್ಥ ಮಾಡಿಕೊಳ್ಳೋಕೆ ಮೊದಲು ನೋಡಬೇಕಾದದ್ದು ಈ ದಿಕ್ಕು ಬದಲಾದ ಕತೆಯನ್ನು ಅನ್ನೋದು ನನ್ನ ವಾದ.

2022ರ ಆಗಸ್ಟ್ 1ರ ರಾತ್ರಿ ಶುರುವಾದ ಮಳೆಯನ್ನು ಭಟ್ಕಳದವರು ಮರೆತಿಲ್ಲ. 24 ಗಂಟೆಯಲ್ಲಿ 500 ಮಿ.ಮೀ. ದಾಟಿತು. ಬೆಂಗಳೂರಿಗೆ ಅರ್ಧ ವರ್ಷಕ್ಕೆ ಬೀಳುವಷ್ಟು ಮಳೆ ಒಂದು ದಿನದಲ್ಲಿ. ಹೆದ್ದಾರಿ ಹೊಳೆಯಾಯಿತು, ಪೇಟೆಯ ಅಂಗಡಿಗಳಲ್ಲಿ ಸೊಂಟಮಟ್ಟದ ನೀರು ನಿಂತಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ನಾಲ್ವರು ಸತ್ತರು. ಮಳೆ ಅಸಾಮಾನ್ಯವಾಗಿತ್ತು, ಅನುಮಾನವಿಲ್ಲ. ಆದರೆ ಮಳೆ ಬಿದ್ದ ನೆಲ ಹೇಗಿತ್ತು ಅನ್ನೋದು ಬೇರೆ ಪ್ರಶ್ನೆ. ಭಟ್ಕಳ ಅಂದ ಕೂಡ್ಲೇ ಟಿವಿ ಚಾನೆಲ್‌ಗಳಿಗೆ ನೆನಪಾಗುವ ವಿಷಯಗಳೇ ಬೇರೆ, ನೆಲದ ಬಗ್ಗೆ ಚರ್ಚೆ ನಡೆಯೋದು ಕಡಿಮೆ. ಇರ್ಲಿ, ನಾವು ನೆಲದ ಬಗ್ಗೆಯೇ ಮಾತಾಡೋಣ.

ನೆಲ ಬದಲಿಸದ ನಗರವಿಲ್ಲ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. 'ಹಿಂದಿನವರು ಪ್ರಕೃತಿಯನ್ನು ಮುಟ್ಟಲಿಲ್ಲ, ನಾವು ಹಾಳು ಮಾಡಿದೆವು' ಅನ್ನುವ ಸರಳ ಕತೆ ಸುಳ್ಳು. ಬೆಳೆದ ಊರುಗಳೆಲ್ಲ ತಮ್ಮ ಕಾಲ ಕೆಳಗಿನ ನೆಲವನ್ನು ಬದಲಿಸಿವೆ. ರೋಮ್‌ನಲ್ಲಿ ಟ್ರೇಜನ್ ಚಕ್ರವರ್ತಿ ಕ್ರಿ.ಶ. 113ರಲ್ಲಿ ನಿಲ್ಲಿಸಿದ ಕಂಬದ ಬುಡದಲ್ಲಿ ಒಂದು ಶಾಸನವಿದೆ. ಈ ಜಾಗದಲ್ಲಿ ಕಡಿದು ತೆಗೆದ ಗುಡ್ಡ ಎಷ್ಟು ಎತ್ತರವಿತ್ತು ಅಂತ ತೋರಿಸೋಕೆ ಈ ಕಂಬ ಎಂಬ ಅರ್ಥ ಅದಕ್ಕಿದೆ. ಮುಂಬೈ ಏಳು ದ್ವೀಪಗಳ ನಡುವಿನ ಸಮುದ್ರವನ್ನು ತುಂಬಿಸಿ ಎದ್ದ ನಗರ. ವರ್ಲಿ ಬಳಿ ಸಮುದ್ರ ನುಗ್ಗುತ್ತಿದ್ದ ದೊಡ್ಡ ಸಂದನ್ನು ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು 18ನೇ ಶತಮಾನದ ಕೊನೆಗೆ ಮುಚ್ಚಿತು. ನಮ್ಮ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿದೆ.

ಅಮೆರಿಕದ ಬಾಸ್ಟನ್ ನಗರದ ಉದಾಹರಣೆ ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಅಲ್ಲಿನ ಬ್ಯಾಕ್ ಬೇ ಎಂಬ ಕೆಸರು ಹಿನ್ನೀರನ್ನು 1850ರ ದಶಕದ ಕೊನೆಯಿಂದ ಎರಡು ದಶಕಕ್ಕೂ ಹೆಚ್ಚು ಕಾಲ, ದೂರದ ಊರಿನಿಂದ ರೈಲಿನಲ್ಲಿ ಜಲ್ಲಿ ತಂದು ತುಂಬಿಸಿದರು. ಅದರ ಮೇಲಿನ ಮನೆಗಳು ನಿಂತಿರೋದು ಮಣ್ಣೊಳಗೆ ಹೊಡೆದ ಮರದ ಕಂಬಗಳ ಮೇಲೆ. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿದರೆ ಮರ ಕೊಳೆಯುತ್ತದೆ. ಹಾಗಾಗಿ ಅಂತರ್ಜಲದ ಮಟ್ಟ ಅಳೆಯೋಕೇ ಅಂತ 1986ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು, ಅದು ಇವತ್ತಿಗೂ ಊರಿನ ತುಂಬ ಕೊರೆದ ಸಣ್ಣ ಬಾವಿಗಳಲ್ಲಿ ನೀರಿನ ಮಟ್ಟ ನೋಡುತ್ತಲೇ ಇದೆ. ನೆಲ ತುಂಬಿಸಿದ್ದು ಅಜ್ಜನ ಕಾಲದ ಅಜ್ಜನ ಕಾಲದಲ್ಲಿ, ಚಾಕರಿ ಮಾತ್ರ ಇನ್ನೂ ಮುಗಿದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಭಟ್ಕಳಕ್ಕೆ ಬನ್ನಿ.

ಕೊಚ್ಚಿಹೋಗಲೆಂದೇ ಕಟ್ಟಿದ ಒಡ್ಡುಗಳು

ಹಳೆಯ ಭಟ್ಕಳ ಸಮುದ್ರದ ದಂಡೆಯ ಊರು ಆಗಿರಲಿಲ್ಲ. ಅಳಿವೆಯಿಂದ ಒಂದಿಷ್ಟು ಒಳಗೆ, ಈಗ ಶರಾಬಿ ಹೊಳೆ ಎಂದು ಕರೆಯುವ ಸಣ್ಣ ಹೊಳೆಯ ದಡದಲ್ಲಿ, ಗುಡ್ಡಗಳ ನಡುವಿನ ಕಣಿವೆಯಲ್ಲಿ ಅದು ಬೆಳೆಯಿತು. ಪಶ್ಚಿಮ ಕರಾವಳಿಯ ಹಳೆ ಬಂದರುಗಳ ತರ್ಕವೇ ಇದು. ಮಳೆಗಾಲದ ನಾಲ್ಕು ತಿಂಗಳು ತೆರೆದ ಸಮುದ್ರದಲ್ಲಿ ಹಡಗು ನಿಲ್ಲೋಕಾಗಲ್ಲ, ಹೊಳೆಯೊಳಗೆ ಬರಬೇಕು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಕೂಡ ಆ ಊರು ದೊಡ್ಡ ಹಡಗು ಒಳಬರುವಂಥ ಹಿನ್ನೀರಿನ ದಂಡೆಯಲ್ಲಿದೆ ಅಂತಲೇ ಬರೆದ. (ಅಲ್ಲಿ ಹುಡುಗಿಯರಿಗೆ 13 ಶಾಲೆಗಳಿದ್ದವು ಅಂತಲೂ ಬರೆದಿದ್ದಾನೆ. ನಮ್ಮ ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳದೆ ಮುಂದೆ ಹೋಗೋಕೆ ಮನಸ್ಸಾಗಲ್ಲ.)

ವಿಜಯನಗರಕ್ಕೆ ಬೇಕಾದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಭಟ್ಕಳ ಒಂದು. ಪೋರ್ಚುಗೀಸರ ಬರಹಗಳಲ್ಲಿ ಬಾಟಿಕಲಾ ಎಂಬ ಹೆಸರಿನಲ್ಲಿ ಅಕ್ಕಿ, ಸಕ್ಕರೆ, ಕಬ್ಬಿಣದ ಜೊತೆ ಇದು ಮತ್ತೆ ಮತ್ತೆ ಬರುತ್ತದೆ. ಕುದುರೆ ಸಮುದ್ರದಿಂದ ಹೊಳೆಗೆ, ಹೊಳೆಯಿಂದ ಕಣಿವೆಗೆ, ಅಲ್ಲಿಂದ ಘಟ್ಟ ಹತ್ತಿ ಮೇಲೆ. ಕಾಳುಮೆಣಸು ಅದೇ ದಾರಿಯಲ್ಲಿ ಕೆಳಗೆ. ಆ ಕಾಲದ ಜೈನ ಅರಸರ ರಾಜಧಾನಿ ಹಾಡುವಳ್ಳಿ ಇದ್ದದ್ದೂ ಪೂರ್ವದಲ್ಲಿ, ಘಟ್ಟದ ಬುಡದಲ್ಲಿ. ರಾಜಧಾನಿ, ಗದ್ದೆ, ಪೇಟೆ, ಬಂದರು ಎಲ್ಲ ಪೂರ್ವ–ಪಶ್ಚಿಮವಾಗಿ, ನೀರು ಇಳಿಯುವ ಕಡೆಗೇ ಸಾಲಾಗಿದ್ದವು. ಕುಮಟಾದ್ದೂ ಇದೇ ಕತೆ: 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಆ ಹತ್ತಿಯ ತಳಿಗೇ ಕುಮಟಾ ಎಂಬ ಹೆಸರು ಬಿತ್ತು.

1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಭಟ್ಕಳದ ಕಣಿವೆ ಬಹಳ ಚೆಂದ, ಬೇಸಾಯ ಚೆನ್ನಾಗಿದೆ ಎಂದು ಬರೆದುಕೊಂಡ. ಅವನು ದಾಖಲಿಸಿದ ಒಂದು ವಿವರ ಸಿವಿಲ್ ಓದಿದ ನನಗೆ ಬಹಳ ಹಿಡಿಸಿತು. ಗದ್ದೆಗಳಿಗೆ ನೀರು ಕೊಡೋಕೆ ಇಲ್ಲಿ ಪ್ರತಿ ವರ್ಷ ಸರ್ಕಾರದ ಖರ್ಚಿನಲ್ಲಿ ಎಂಟು ಮಣ್ಣಿನ ಒಡ್ಡು ಕಟ್ಟುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಕಟ್ಟೋದು, ಬೇಸಿಗೆಯಿಡೀ ಹೊಳೆ ನೀರನ್ನು ಹಿಡಿದು ಗದ್ದೆಗೆ ತಿರುಗಿಸೋದು, ಮುಂದಿನ ಮಳೆಗೆ ಅವು ಕೊಚ್ಚಿಹೋಗೋದು. ಮತ್ತೆ ಕಟ್ಟೋದು.

ಇವತ್ತಿನ ಗುತ್ತಿಗೆದಾರ ಕೇಳಿದರೆ ನಗ್ತಾನೆ. ಪ್ರತಿ ವರ್ಷ ಕೊಚ್ಚಿಹೋಗುವ ಕಾಮಗಾರಿ ಅಂದ್ರೆ ಬಿಲ್ ಮಾಡೋ ಉಪಾಯ ಅಂತ ನಾವೂ ಅಂದುಕೊಳ್ಳುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ಕಣಿವೆ ಇದು. ಬೇಸಿಗೆಗೆ ನೀರು ನಿಲ್ಲಿಸಬೇಕು, ಮಳೆಗಾಲದಲ್ಲಿ ನೀರಿಗೆ ಅಡ್ಡ ನಿಲ್ಲಬಾರದು. ಎರಡನ್ನೂ ಮಾಡುವ ಅತಿ ಅಗ್ಗದ ಸಾಧನ ಅಂದರೆ ಜೂನ್‌ನಲ್ಲಿ ತಾನಾಗಿ ಇಲ್ಲವಾಗುವ ಒಡ್ಡು. ಇದರ ಹಿಂದೆ ಒಂದು ಒಪ್ಪಂದವೂ ಇತ್ತು. ಯಾರ ಖರ್ಚು, ಯಾರ ದುಡಿಮೆ, ಯಾವಾಗ ಅನ್ನೋದು ಪ್ರತಿ ವರ್ಷ ತೀರ್ಮಾನ ಆಗಲೇಬೇಕು. ಆಗದಿದ್ದರೆ ಆ ವರ್ಷ ಬೆಳೆ ಇಲ್ಲ.

ಕುಮಟಾದ ಅಘನಾಶಿನಿ ಹಿನ್ನೀರಿನ ಗಜನಿ ಭೂಮಿಯಲ್ಲಿ ಇದೇ ಬುದ್ಧಿ ಇನ್ನೂ ದೊಡ್ಡ ಪ್ರಮಾಣದಲ್ಲಿದೆ. ಸಮುದ್ರದ ಉಬ್ಬರ ಬಂದು ಹೋಗುವ ಕೆಸರು ಬಯಲಿಗೆ ಸುತ್ತ ಒಡ್ಡು ಕಟ್ಟಿ, ಹಲಗೆ ಬಾಗಿಲಿನ ತೂಬು ಇಟ್ಟು, ಮಳೆಗಾಲದಲ್ಲಿ ಉಪ್ಪುನೀರನ್ನು ಹೊರಗಿಟ್ಟು ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಬಾಗಿಲು ತೆಗೆದು ಉಪ್ಪುನೀರನ್ನು ಒಳಗೆ ಬಿಟ್ಟರೆ ಸಿಗಡಿ, ಮೀನು. ಕಗ್ಗ ಎತ್ತರ ಬೆಳೆಯುವ, ಉಪ್ಪು ಸಹಿಸುವ, ಕೆಲ ದಿನ ನೀರಿನಲ್ಲಿ ಮುಳುಗಿದರೂ ಬದುಕುವ ತಳಿ. ಮಾಣಿಕಟ್ಟಾದ ರೈತರು ಇದನ್ನು ಉಳಿಸಿಕೊಂಡದ್ದು ಒಬ್ಬೊಬ್ಬರಾಗಿ ಅಲ್ಲ, ಸಂಘ ಕಟ್ಟಿಕೊಂಡು. ಯಾಕಂದ್ರೆ ಗಜನಿಯಲ್ಲಿ ನಿಮ್ಮ ಗದ್ದೆ ಉಳಿಯಬೇಕಾದರೆ ನೆರೆಯವನ ಗದ್ದೆ ಹತ್ತಿರದ ಒಡ್ಡಿನ ಏಡಿ ಬಿಲವನ್ನೂ ಮುಚ್ಚಬೇಕು. ಒಡ್ಡು ಒಂದು ಕಡೆ ಹರಿದರೆ ಎಲ್ಲರಿಗೂ ಉಪ್ಪು. ಡಚ್ಚರ ದೇಶದಲ್ಲಿ ಇದೇ ಕೆಲಸಕ್ಕೆ 13ನೇ ಶತಮಾನದಿಂದ ಚುನಾಯಿತ ನೀರು ಮಂಡಳಿಗಳಿವೆ, ಇವತ್ತಿಗೂ ಬೇರೆಯಾಗಿ ತೆರಿಗೆ ಎತ್ತುತ್ತವೆ. ನಮ್ಮಲ್ಲಿ 1970ರ ದಶಕದಲ್ಲಿ ಸರ್ಕಾರ ಮಣ್ಣಿನ ಒಡ್ಡುಗಳ ಜಾಗದಲ್ಲಿ ಕಲ್ಲಿನ ಒಡ್ಡು ಕಟ್ಟಿತು. ಒಡ್ಡು ಗಟ್ಟಿಯಾಯಿತು, ಅದನ್ನು ವರ್ಷ ವರ್ಷ ನೋಡಿಕೊಳ್ಳುವ ಅಭ್ಯಾಸ ಸಡಿಲವಾಯಿತು. ಅಘನಾಶಿನಿಯ ಈ ಹಿನ್ನೀರು 2024ರ ಜನವರಿಯಲ್ಲಿ 4,801 ಹೆಕ್ಟೇರ್‌ನೊಂದಿಗೆ ರಾಮ್ಸರ್ ಪಟ್ಟಿ ಸೇರಿತು. ಪಟ್ಟಿ ಸೇರಿದ್ದು ಸಂತೋಷವೇ, ಆದರೆ ಏಡಿ ಬಿಲ ಮುಚ್ಚುವವರು ಯಾರು ಅಂತ ಆ ಪಟ್ಟಿ ಹೇಳುವುದಿಲ್ಲ.

ಊರೆಲ್ಲ ಗುಡ್ಡದ ಕಲ್ಲು

ಗುಡ್ಡದ ಕಡೆಯ ಕತೆಯೂ ಇದೆ. ಈ ಮೂರೂ ತಾಲೂಕಿನ ಮನೆ, ಬಾವಿ, ಕೋಟೆ, ಪಾಗಾರ ಬಹುತೇಕ ಚಿರೇಕಲ್ಲಿನವು. ಅಘನಾಶಿನಿ ದಂಡೆಯ ಮಿರ್ಜಾನ್ ಕೋಟೆ ನೋಡಿದರೆ ಸಾಕು. ಈ ಕಲ್ಲು ನೆಲದಲ್ಲಿರುವಾಗ ಪಿಕಾಸಿಗೆ ಬಗ್ಗುತ್ತದೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಇಟ್ಟಿಗೆಯಂತೆ ಕಡಿಯಬಹುದಾದ ಕಲ್ಲು ಅನ್ನೋ ಕಾರಣಕ್ಕೇ, ಇಟ್ಟಿಗೆಯ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಅದೇ ಬುಕಾನನ್. 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ, ಮಲಬಾರಿನ ಕಲ್ಲು ನೋಡಿ ಇಟ್ಟ ಹೆಸರು ಅದು.

ಕಲ್ಲು ಕಡಿದಲ್ಲೆಲ್ಲ ಹೊಂಡ ಬೀಳುತ್ತದೆ. ಹಾಗಾಗಿ ಚಿರೇಕಲ್ಲಿನ ಊರು ಬೆಳೆದಷ್ಟೂ ಅದರ ಗುಡ್ಡ ಇಳಿಯುತ್ತದೆ. ಪಿಕಾಸಿಯ ಕಾಲದಲ್ಲಿ ಇದು ನಿಧಾನಕ್ಕೆ ನಡೆಯುತ್ತಿತ್ತು. ಬಾವಿ ತೋಡಿದಾಗ ಸಿಕ್ಕ ಕಲ್ಲು ಮನೆಗೆ, ಮನೆಯ ಹಿಂದಿನ ಹೊಂಡ ಬಟ್ಟೆ ಒಗೆಯೋಕೆ. ಕಲ್ಲು ಕಡಿಯುವ ಯಂತ್ರ ಮತ್ತು ಜೆಸಿಬಿ ಬಂದ ಮೇಲೆ ವೇಗ ಬದಲಾಯಿತು.

ಇಲ್ಲಿ ಸ್ವಲ್ಪ ಮಣ್ಣಿನ ಪಾಠ ಬೇಕು, ಬೇಜಾರು ಮಾಡ್ಕೋಬೇಡಿ. ಕರಾವಳಿಯ ಗುಡ್ಡವನ್ನು ನಿಲುವಾಗಿ ಸೀಳಿದರೆ ಮೇಲೆ ಗಟ್ಟಿ ಚಿರೇಕಲ್ಲಿನ ಟೊಪ್ಪಿಗೆ ಕಾಣುತ್ತದೆ. ಅದರಡಿಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು, ನಮ್ಮ ಕಡೆ ಗೋಡೆಗೆ ಬಳಿದು ಚಿತ್ತಾರ ಬರೆಯುತ್ತಿದ್ದ ಶೇಡಿ ಮಣ್ಣು. ಅದರಡಿಗೆ ಮೂಲ ಬಂಡೆ. ಮೇಲಿನ ಟೊಪ್ಪಿಗೆಯಲ್ಲಿ ತೂತುಗಳಿವೆ, ಮಳೆನೀರು ಇಳಿಯುತ್ತದೆ. ಶೇಡಿ ಮಣ್ಣಿನಲ್ಲಿ ನೀರು ಬೇಗ ಇಳಿಯುವುದಿಲ್ಲ, ಅದರ ಮೇಲ್ಮೈಯಲ್ಲಿ ಪಕ್ಕಕ್ಕೆ ಸರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಗುಡ್ಡದ ಬುಡದಲ್ಲೇ ಅಡಕೆ ತೋಟ ಇರೋದು ಇದೇ ಕಾರಣಕ್ಕೆ. ಒಣಗಿದ್ದಾಗ ಶೇಡಿ ಮಣ್ಣು ಗೋಡೆಯ ಹಾಗೆ ನಿಲ್ಲುತ್ತದೆ, ನೆನೆದಾಗ ಬಲ ಕಳಕೊಳ್ಳುತ್ತದೆ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಏನಾಗುತ್ತದೆ? ಜನವರಿಯಲ್ಲಿ ಏನೂ ಆಗೋದಿಲ್ಲ. ಇಂಜಿನಿಯರ್ ಬಂದು ನೋಡಿ ಪಾಸ್ ಮಾಡೋದೂ ಜನವರಿಯಲ್ಲೇ. ಜುಲೈಯಲ್ಲಿ ಅದೇ ಧರೆಯ ಹಿಂದೆ ನೀರಿನ ಒತ್ತಡ ಏರುತ್ತದೆ, ಮುಂದೆ ತಡೆಯೋಕೆ ಇದ್ದ ಮಣ್ಣು ಇಲ್ಲ. ಹೆಚ್ಚಿನ ಧರೆಗಳು ಕುಸಿಯೋದು ಹೀಗೆ.

2017ರ ಜೂನ್‌ನಲ್ಲಿ ಕುಮಟಾದ ತಂಡ್ರಕುಳಿಯಲ್ಲಿ ಹೆದ್ದಾರಿ ಅಗಲೀಕರಣಕ್ಕೆ ಕಡಿದ ಗುಡ್ಡ ಮನೆಗಳ ಮೇಲೆ ಬಿದ್ದು ಮಕ್ಕಳು ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಇಡಿಯಾಗಿ ಜಾರಿ, ಚಹಾ ಅಂಗಡಿಯನ್ನೂ ಲಾರಿಗಳನ್ನೂ ಹೊತ್ತುಕೊಂಡು ಗಂಗಾವಳಿ ನದಿಗೆ ಬಿತ್ತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. 11 ಜೀವ ಹೋಯಿತು. ಎರಡೂ ಕಡೆ ಮಳೆ ಜೋರಾಗಿತ್ತು. ಎರಡೂ ಕಡೆ ಗುಡ್ಡದ ಕಾಲನ್ನೂ ಕಡಿಯಲಾಗಿತ್ತು.

ದಿಕ್ಕು ಬದಲಾದದ್ದು ಯಾವಾಗ?

ಭಟ್ಕಳದ ಬಂದರು ಒಂದೇ ಏಟಿಗೆ ಸಾಯಲಿಲ್ಲ. 1510ರ ನಂತರ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ಅಲ್ಲಿಗೆ ಎಳೆದುಕೊಂಡರು, 1542ರಲ್ಲಿ ಊರನ್ನೇ ಸುಟ್ಟರು. 1565ರಲ್ಲಿ ಕೊಳ್ಳುವ ವಿಜಯನಗರವೇ ಮುರಿಯಿತು. ಮುಂದೆ ಹಡಗುಗಳ ಗಾತ್ರ ದೊಡ್ಡದಾದಂತೆ ಈ ಹೊಳೆ ಸಣ್ಣದಾಯಿತು. ಆದರೂ ಊರಿನ ಆಕಾರ ಬಹುಕಾಲ ಹಾಗೇ ಉಳಿಯಿತು. ಶರಾಬಿ ಹೊಳೆ ಹತ್ತಿರದ ಹಳೆಯ ಮೊಹಲ್ಲಾಗಳ ಕಿರಿದಾದ ಓಣಿಗಳಲ್ಲಿ ಓಡಾಡಿದರೆ, ಒತ್ತೊತ್ತಾಗಿ ನಿಂತ ಮನೆಗಳು ಹೊಳೆಯ ಹತ್ತಿರದ ಸ್ವಲ್ಪ ಎತ್ತರದ ಜಾಗಕ್ಕೆ ಅಂಟಿಕೊಂಡಿರೋದು, ತಗ್ಗನ್ನು ಗದ್ದೆಗೆ ಬಿಟ್ಟಿದ್ದು ಈಗಲೂ ಕಾಣುತ್ತದೆ. ಊರು ಒತ್ತಾಗಿದ್ದದ್ದು ಬಡತನದಿಂದ ಅಲ್ಲ, ಇದ್ದ ಒಣನೆಲ ಅಷ್ಟೇ.

ದಿಕ್ಕು ನಿಜವಾಗಿ ತಿರುಗಿದ್ದು ಕರಾವಳಿಯುದ್ದಕ್ಕೂ ಹೆದ್ದಾರಿ ಬಂದ ಮೇಲೆ. ಹೊಳೆಗಳಿಗೆ ಸೇತುವೆಯಾಗಿ ದೋಣಿ ದಾಟುವ ಕೆಲಸ ತಪ್ಪಿತು, ಮಂಗಳೂರು–ಕಾರವಾರ ಒಂದೇ ದಾರಿಯಾಯಿತು. 1998ರ ಜನವರಿ 26ರಿಂದ ಕೊಂಕಣ ರೈಲ್ವೆ ಪೂರ್ತಿ ಓಡತೊಡಗಿತು. ಹೊನ್ನಾವರದಲ್ಲಿ ಶರಾವತಿಗೆ 2 ಕಿ.ಮೀ.ಗೂ ಉದ್ದದ ಸೇತುವೆ ಕಟ್ಟಿದ ಅದೇ ರೈಲ್ವೆ, ಬೈಲುಗಳನ್ನು ದಾಟುವಾಗ ಮಣ್ಣಿನ ಏರಿ ಹಾಕಿ ನಡುನಡುವೆ ಮೋರಿ ಕೊಟ್ಟಿತು. ದೊಡ್ಡ ನದಿಗೆ ಸೇತುವೆ, ಸಣ್ಣ ಹಳ್ಳಕ್ಕೆ ಪೈಪು. ಖರ್ಚಿನ ದೃಷ್ಟಿಯಿಂದ ಎಲ್ಲರೂ ಹೀಗೇ ಮಾಡುತ್ತಾರೆ. ಗಲ್ಫ್ ದುಡಿಮೆಯ ಹಣ, ದೊಡ್ಡದಾದ ಕುಟುಂಬಗಳು, ಕಾರು ನಿಲ್ಲಿಸೋಕೆ ಜಾಗ ಬೇಕು ಅನ್ನುವ ಸಹಜ ಆಸೆ ಎಲ್ಲ ಸೇರಿ ಹಳೇ ಊರು ಓಣಿಯಿಂದ ಹೊರಗೆ ಬಂತು. ಒಂದು ಕಡೆ ಗುಡ್ಡಕ್ಕೆ ಏರಿತು, ಇನ್ನೊಂದು ಕಡೆ ಗದ್ದೆಗೆ ಇಳಿಯಿತು. ಇದನ್ನು ದುರಾಸೆ ಎಂದು ಬೈಯೋದು ನನಗೆ ಇಷ್ಟವಿಲ್ಲ. ಓಣಿಯ ಮನೆಯಲ್ಲಿ ನಾಲ್ಕು ಸಂಸಾರ ಇರೋಕಾಗಲ್ಲ.

ಜಾಲಿ ಬೆಳೆದದ್ದು ಈ ಹೊತ್ತಿನಲ್ಲಿ. ಹೆದ್ದಾರಿಗೂ ಸಮುದ್ರಕ್ಕೂ ನಡುವೆ, ಉತ್ತರಕ್ಕೆ ವೆಂಕಟಾಪುರ ಹೊಳೆ, ದಕ್ಷಿಣಕ್ಕೆ ಶರಾಬಿ. ಗ್ರಾಮ ಪಂಚಾಯ್ತಿಯಾಗಿದ್ದದ್ದು ಪಟ್ಟಣ ಪಂಚಾಯ್ತಿ ಆಯಿತು, ಕಾಲೋನಿಗಳು, ನಗರಗಳು ಎದ್ದವು. ಈ ಕರಾವಳಿಯ ಬಹಳಷ್ಟು ಕಡೆಗಳಂತೆ ಸಮುದ್ರದ ಅಂಚಿನ ಮರಳದಿಬ್ಬ ಎತ್ತರ, ಅದರ ಹಿಂದಿನ ಗದ್ದೆ ತಗ್ಗು. ಮೇಲಿನ ನೀರೆಲ್ಲ ಇಳಿದು ಬರೋದು ಈ ತಗ್ಗಿಗೆ, ಅಲ್ಲಿಂದ ಹೊರಗೆ ಹೋಗೋಕೆ ಇರೋದು ಅಳಿವೆಯ ಬಾಗಿಲು. ಉಬ್ಬರದ ಹೊತ್ತಿಗೆ ಆ ಬಾಗಿಲೂ ಅರ್ಧ ಮುಚ್ಚಿರುತ್ತದೆ. ಆ ಕೆಲವು ಗಂಟೆ ನೀರು ಎಲ್ಲಾದರೂ ಕಾಯಬೇಕು. ಇಷ್ಟು ಕಾಲ ಅದು ಕಾಯುತ್ತಿದ್ದದ್ದು ಗದ್ದೆಯಲ್ಲಿ.

ಒಂದು ಎಕರೆಯ ಲೆಕ್ಕ

ಗದ್ದೆ ಎಷ್ಟು ನೀರು ಹಿಡಿಯುತ್ತದೆ? ಒಂದು ಎಕರೆ ಅಂದರೆ 4,047 ಚದರ ಮೀಟರ್. ಒಂದು ಅಡಿ ಎತ್ತರದ ಬದು ಇದ್ದರೆ ಸುಮಾರು 12 ಲಕ್ಷ ಲೀಟರ್. ಆಗಸ್ಟ್‌ನಲ್ಲಿ ಗದ್ದೆಯಲ್ಲಿ ಮೊದಲೇ ಅರ್ಧ ಅಡಿ ನೀರು ಇರುತ್ತದೆ ಅಂತ ಹಿಡಿದರೂ ಇನ್ನು 6 ಲಕ್ಷ ಲೀಟರ್‌ಗೆ ಜಾಗವಿದೆ. ನೂರು ಎಕರೆ ಬೈಲು ಅಂದರೆ 6 ಕೋಟಿ ಲೀಟರ್. ಈ ಟ್ಯಾಂಕ್ ಕಟ್ಟಿಸೋಕೆ ಯಾವ ಸ್ಥಳೀಯ ಸಂಸ್ಥೆಯ ಹತ್ತಿರ ದುಡ್ಡಿದೆ?

ಈಗ ಅದೇ ಎಕರೆಯನ್ನು ಎನ್ಎ ಮಾಡಿಸಿ, ರಸ್ತೆ ಮಟ್ಟಕ್ಕೆ ನಾಲ್ಕು ಅಡಿ ಏರಿಸಬೇಕು ಅಂದ್ಕೊಳ್ಳಿ. ಬೇಕಾದ ಮಣ್ಣು ಸುಮಾರು 4,900 ಘನ ಮೀಟರ್. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಎಂದು ಹಿಡಿದರೆ ಐನೂರರ ಹತ್ತಿರ ಲೋಡು. ಆ ಮಣ್ಣು ಬರೋದು ಗುಡ್ಡದಿಂದ. ಹಾಗಾಗಿ ಗದ್ದೆಯಲ್ಲಿ ಎದ್ದ ಪ್ರತಿ ಲೇಔಟ್‌ಗೂ ಎಲ್ಲೋ ಒಂದು ಹೊಸ ಧರೆ ಜೋಡಿಯಾಗಿ ಇದ್ದೇ ಇರುತ್ತದೆ. ನೆರೆ ಮತ್ತು ಧರೆ ಕುಸಿತ ಎರಡನ್ನೂ ಬೇರೆ ಬೇರೆ ಸುದ್ದಿಯಾಗಿ ಬರೆಯುತ್ತೇವೆ. ಟಿಪ್ಪರ್ ಓಡಿಸುವ ಡ್ರೈವರ್‌ಗೆ ಮಾತ್ರ ಅದು ಒಂದೇ ಟ್ರಿಪ್ಪಿನ ಎರಡು ತುದಿ.

ಮೋರಿಯ ಲೆಕ್ಕ ಇನ್ನೂ ಕಟು. ಗಂಟೆಗೆ 50 ಮಿ.ಮೀ. ಮಳೆ ನೂರು ಎಕರೆ ಮೇಲೆ ಬೀಳುತ್ತಿದೆ ಎನ್ನಿ. ಗದ್ದೆ, ತೋಟ ಇದ್ದರೆ ಅದರಲ್ಲಿ ಹತ್ತರಲ್ಲಿ ಮೂರು ಪಾಲು ಕೂಡಲೇ ಹರಿದುಬರುತ್ತದೆ: ಸೆಕೆಂಡಿಗೆ ಸುಮಾರು 1.7 ಘನ ಮೀಟರ್. ಸೂರು, ಕಾಂಕ್ರೀಟ್, ಇಂಟರ್‌ಲಾಕ್ ಆದರೆ ಹತ್ತರಲ್ಲಿ ಒಂಬತ್ತು ಪಾಲು: ಸೆಕೆಂಡಿಗೆ 5. ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮೋರಿಯಲ್ಲಿ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡಿದರೆ 2 ಘನ ಮೀಟರ್ ದಾಟುತ್ತದೆ. ಗದ್ದೆ ಇದ್ದಾಗ ಸಾಕಾಗಿದ್ದ ಒಂದು ಮೋರಿಯ ಜಾಗಕ್ಕೆ ಈಗ ಎರಡೂವರೆ ಬೇಕು. ಮೋರಿ ಬದಲಾಗಿಲ್ಲ, ಅದರ ಮೇಲಿನ ಜಗತ್ತು ಬದಲಾಗಿದೆ. ಮೋರಿಯ ಅರ್ಧ ಪ್ಲಾಸ್ಟಿಕ್ ತುಂಬಿರುತ್ತದೆ ಅನ್ನೋದನ್ನು ನಾನು ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಶಂಸುದ್ದೀನ್ ಸರ್ಕಲ್ ಮತ್ತು ರಂಗೀಕಟ್ಟೆ ಬಳಿ ಹೆದ್ದಾರಿಯಲ್ಲಿ ಪ್ರತಿ ವರ್ಷ ನೀರು ನಿಲ್ಲೋದಕ್ಕೆ ಗಟಾರ ಕ್ಲೀನ್ ಮಾಡದ ಕಾರಣ ಹೇಳೋದು ಸುಲಭ. ಕ್ಲೀನ್ ಮಾಡಿದರೂ ಗಟಾರದ ಗಾತ್ರ ಹಳೇ ಭಟ್ಕಳದ್ದೇ.

ಮುಂಬೈಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಬಿದ್ದಾಗ ಉಬ್ಬರವೂ ಸೇರಿ ಮೀಠಿ ನದಿ ಹೊರಗೆ ಹೋಗಲಾರದೆ ಹಿಂದಕ್ಕೆ ತಿರುಗಿತು. ಎರಡು ನೂರು ವರ್ಷ ತುಂಬಿಸಿದ ತಗ್ಗುಗಳೆಲ್ಲ ಅವತ್ತು ತಮ್ಮ ಹಳೆ ಮಟ್ಟ ತೋರಿಸಿದವು. ಗಾತ್ರದಲ್ಲಿ ಭಟ್ಕಳ ಅದರ ಮುಂದೆ ಏನೂ ಅಲ್ಲ. ಆದರೆ ತಗ್ಗು, ಉಬ್ಬರ, ತುಂಬಿದ ಮಣ್ಣು, ಸಣ್ಣ ಮೋರಿ ಇವು ಕೂಡುವ ಲೆಕ್ಕ ಒಂದೇ.

ಏರಿಸಿದವನ ನೀರು ಏರಿಸದವನ ಮನೆಗೆ

ಇದರಲ್ಲಿ ಅನ್ಯಾಯದ ಒಂದು ಪದರ ಇದೆ, ಅದನ್ನು ಬಿಟ್ಟು ಬರೆದರೆ ಇಂಜಿನಿಯರಿಂಗ್ ಪಾಠ ಮಾತ್ರ ಆಗುತ್ತದೆ. ಹತ್ತು ಗುಂಟೆ ತುಂಬಿಸಿ ಏರಿಸಿದವನ ಅಂಗಳ ಒಣಗಿರುತ್ತದೆ. ಅಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದ, ಏರಿಸೋಕೆ ದುಡ್ಡಿಲ್ಲದವನ ಹಂಚಿನ ಮನೆಗೆ ಹೋಗುತ್ತದೆ. ಮುಂದಿನ ವರ್ಷ ಅವನೂ ಸಾಲ ಮಾಡಿ ಏರಿಸುತ್ತಾನೆ, ನೀರು ಮೂರನೆಯವನಿಗೆ. ಗುಡ್ಡದ ಕಡೆಗೂ ಹಾಗೇ. ಸಮತಟ್ಟು ಜಾಗ ದುಬಾರಿ ಆದಂತೆ ಇಳಿಜಾರು ಕಡಿದು ಮನೆ ಕಟ್ಟೋದು ಬಡವರೇ. ಧರೆಗೆ ಕಲ್ಲಿನ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಕಡಿಯೋದು, ನೀರು ಬಸಿಯೋಕೆ ಪೈಪು ಇವೆಲ್ಲ ಮನೆಗಿಂತ ದುಬಾರಿ ಆಗಬಹುದು. ಧರೆಗೆ ತಾಗಿ ಅಡಿಗೆಮನೆ ಇರುವ ಎಷ್ಟು ಮನೆ ಈ ತಾಲೂಕುಗಳಲ್ಲಿವೆ ಅಂತ ಮಳೆಗಾಲದಲ್ಲಿ ಒಮ್ಮೆ ಬಸ್ಸಿನ ಕಿಟಕಿಯಿಂದ ಎಣಿಸಿ ನೋಡಿ.

ಹಳೆಯ ವ್ಯವಸ್ಥೆಯಲ್ಲಿ ನ್ಯಾಯ ಇತ್ತು ಅಂತ ನಾನು ಹೇಳ್ತಿಲ್ಲ. ಒಡ್ಡು ಕಟ್ಟುವ ದುಡಿಮೆ ಯಾರದು, ಗದ್ದೆಯ ಫಲ ಯಾರದು ಅನ್ನೋದಕ್ಕೆ ಜಾತಿಯ ಉತ್ತರವೇ ಇತ್ತು. ಆದರೆ ಒಂದು ವಿಷಯ ಸ್ಪಷ್ಟವಿತ್ತು: ನೀರು ಎಲ್ಲರ ವ್ಯವಹಾರ, ಅದನ್ನು ವರ್ಷಕ್ಕೊಮ್ಮೆ ಕೂತು ತೀರ್ಮಾನಿಸಬೇಕು. ಈಗ ಹೆದ್ದಾರಿಯ ಮೋರಿ ಹೆದ್ದಾರಿ ಪ್ರಾಧಿಕಾರದ್ದು, ರೈಲ್ವೆ ಮೋರಿ ರೈಲ್ವೆಯದ್ದು, ಊರ ಗಟಾರ ಸ್ಥಳೀಯ ಸಂಸ್ಥೆಯದ್ದು, ಹಳ್ಳ ಸಣ್ಣ ನೀರಾವರಿಯದ್ದು, ಗದ್ದೆಯನ್ನು ಮನೆ ಜಾಗ ಮಾಡೋಕೆ ಅನುಮತಿ ಕಂದಾಯ ಇಲಾಖೆಯದ್ದು. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಅರ್ಜಿಯನ್ನು ಒಂದೊಂದು ಸರ್ವೆ ನಂಬರಿಗೆ ಬೇರೆಯಾಗಿ ನೋಡುತ್ತಾರೆ. ಇಡೀ ಬೈಲಿನಲ್ಲಿ ಇನ್ನು ಎಷ್ಟು ಗದ್ದೆ ಉಳಿದಿದೆ, ಎಷ್ಟು ತುಂಬಿದೆ ಅನ್ನುವ ಮೊತ್ತ ಆ ಕಡತದಲ್ಲಿ ಬರೋದೇ ಇಲ್ಲ. ಜಾಲಿ, ಹೆಬಳೆ, ಭಟ್ಕಳದ ಆಡಳಿತದ ಗಡಿಗಳನ್ನು ಹೇಗೆ ಎಳೆದರೂ, ಒಟ್ಟು ಸೇರಿಸಿದರೂ, ಈ ಮೊತ್ತ ಬರೆಯುವ ಕಾಲಂ ಇಲ್ಲದಿದ್ದರೆ ಪ್ರಯೋಜನ ಕಡಿಮೆ.

ಆಗಬೇಕಾದ್ದು ಕ್ರಾಂತಿಕಾರಿ ಏನಲ್ಲ. ಹೆದ್ದಾರಿ–ರೈಲ್ವೆ ಎರಡರ ಮೋರಿಗಳನ್ನೂ ಒಂದೇ ಪಟ್ಟಿಗೆ ತಂದು, ಪ್ರತಿಯೊಂದರ ಮೇಲಿನ ಬೈಲು ಈಗ ಎಷ್ಟು ಕಾಂಕ್ರೀಟ್ ಆಗಿದೆ ಎಂದು ನೋಡಿ, ಸಾಲದ ಕಡೆ ಇನ್ನೊಂದು ಕಣ್ಣು ತೆಗೆಯಬೇಕು. ಎನ್ಎ ಕಡತದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ಒಂದು ಚಿತ್ರ, ಮಣ್ಣು ಯಾವ ಗುಡ್ಡದಿಂದ ಬರುತ್ತದೆ ಎಂಬ ಒಂದು ಸಾಲು ಕಡ್ಡಾಯ ಆಗಬೇಕು. ಉಳಿದ ಬೈಲುಗಳಲ್ಲಿ ಯಾವುದನ್ನು ತುಂಬಿಸೋ ಹಾಗಿಲ್ಲ ಅಂತ ಹೆಸರು ಹಿಡಿದು ಹೇಳಬೇಕು, ಹಾಗೆ ಉಳಿಸಿಕೊಂಡ ರೈತನಿಗೆ ಊರು ದುಡ್ಡು ಕೊಡಬೇಕು. ಅವನು ಊರಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದಾನೆ, ಪುಕ್ಕಟೆಯಾಗಿ ಯಾಕೆ ಹಿಡಿಯಬೇಕು? ಇದರಲ್ಲಿ ರಾಜಕೀಯವಾಗಿ ಅತಿ ಕಷ್ಟದ್ದು ಈ ಕೊನೆಯದೇ. ಮೋರಿಗೆ ಟೆಂಡರ್ ಕರೆಯಬಹುದು, ಗದ್ದೆಯನ್ನು ಗದ್ದೆಯಾಗಿ ಬಿಡೋಕೆ ಟೆಂಡರ್ ಕರೆಯೋಕಾಗಲ್ಲ.

ಹೆಸರುಗಳನ್ನಾದರೂ ಕೇಳಿಸಿಕೊಳ್ಳಬಹುದು. ಈ ಕರಾವಳಿಯಲ್ಲಿ ಕುರ್ವೆ ಅಂದರೆ ಹೊಳೆ ನಡುವಿನ ನೆಲ, ಕೋಡಿ ಅಂದರೆ ಅಳಿವೆಯ ತುದಿ, ಬೈಲು ಅಂದರೆ ನೀರು ನಿಲ್ಲುವ ತಗ್ಗು ಗದ್ದೆ, ಮಕ್ಕಿ ಅಂದರೆ ಅದಕ್ಕಿಂತ ಮೇಲಿನ ಮಳೆ ನಂಬಿದ ಗದ್ದೆ, ಕಟ್ಟೆ ಅಂದರೆ ಒಡ್ಡು. ಮಾವಿನಕುರ್ವೆ, ಅಳ್ವೆಕೋಡಿ, ಕಾರಗದ್ದೆ, ಕಡವಿನಕಟ್ಟೆ, ರಂಗೀಕಟ್ಟೆ. ಬಡಾವಣೆಗಳಿಗೆ ಈಗ ನಗರ, ಕಾಲೋನಿ ಅಂತ ಸೇರಿಸುತ್ತೇವೆ, ಆ ಹೆಸರಲ್ಲಿ ನೆಲದ ಮಟ್ಟದ ಸುಳಿವಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸುಳಿವು ಇನ್ನೂ ಇದೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಗ್ರಾಮದ ನಕ್ಷೆ ಪುಕ್ಕಟೆ ಸಿಗುತ್ತದೆ, ಹಳ್ಳಗಳನ್ನು ಅದರಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಜಾಲಿಯಲ್ಲೋ ಹೆಬಳೆಯಲ್ಲೋ ಜಾಗ ನೋಡುತ್ತಿರುವವರು ಮುಂಗಡ ಕೊಡುವ ಮೊದಲು ಅದನ್ನು ಫೋನಿಗೆ ಇಳಿಸಿಕೊಂಡು, ಆ ಗೆರೆ ನಿಮ್ಮ ಸರ್ವೆ ನಂಬರಿನ ಯಾವ ಪಕ್ಕದಲ್ಲಿದೆ, ಅದು ಹೆದ್ದಾರಿಯನ್ನು ಯಾವ ಮೋರಿಯಲ್ಲಿ ದಾಟುತ್ತದೆ, ಆ ಮೋರಿಯ ಆಚೆ ಬಾಯಿ ಈಗ ತೆರೆದಿದೆಯೇ ಎಂದು ನಡೆದು ಹೋಗಿ ನೋಡಿ ಬನ್ನಿ. ಮೇ ಮುಗಿಯೋ ಮೊದಲು ಹೋದರೆ ಗೆರೆಯುದ್ದಕ್ಕೂ ಒಣಗಾಲಲ್ಲೇ ನಡೆಯಬಹುದು.